ಡ್ರಾಫ್ಟ್‌ನಲ್ಲಿ ಹೆಸರು ಬರಲಿಲ್ಲ: ಟೂ-ವೇ, ಜಿ ಲೀಗ್, ಯುರೋಪ್, ಯಾವುದು ಯಾರಿಗೆ?

ಜೂನ್ ಕೊನೆಯಲ್ಲಿ ಎನ್‌ಬಿಎ ಡ್ರಾಫ್ಟ್, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಹೆಸರು ಕರೆದು ಆರಿಸಿಕೊಳ್ಳುವ ಹೊತ್ತು. ಮೊದಲ ಸುತ್ತನ್ನು ಲೈವ್ ನೋಡಬೇಕೆಂದರೆ ನಮ್ಮಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ಕೂರಬೇಕು. 30 ತಂಡ, ಎರಡು ಸುತ್ತು, ಒಟ್ಟು 60 ಹೆಸರು. ಒಮ್ಮೊಮ್ಮೆ ಅಷ್ಟೂ ಇರುವುದಿಲ್ಲ. 2025ರಲ್ಲಿ ಕರೆದದ್ದು 59 ಜನರನ್ನು ಮಾತ್ರ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿವಿಷನ್ 1 ಎಂಬ ಮೇಲಿನ ದರ್ಜೆಯೊಂದರಲ್ಲೇ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಹೊರದೇಶದ ಹುಡುಗರು ಬೇರೆ. ಹಾಗಾಗಿ ಹೆಸರು ಬಾರದೆ ಹೋಗುವುದೇ ಮಾಮೂಲು.

ಐಪಿಎಲ್ ಹರಾಜಿನಲ್ಲಿ ಅನ್‌ಸೋಲ್ಡ್ ಆದವನು ಯಾರಾದರೂ ಗಾಯಗೊಂಡು ಜಾಗ ಖಾಲಿಯಾಗಲಿ ಎಂದು ಕಾಯಬೇಕು, ಇಲ್ಲವೇ ಮುಂದಿನ ಹರಾಜಿಗೆ. ಎನ್‌ಬಿಎಯಲ್ಲಿ ಹಾಗಲ್ಲ. ಡ್ರಾಫ್ಟ್ ಮುಗಿದ ಕೂಡಲೇ ಉಳಿದವನು ಯಾವ ತಂಡದ ಜತೆ ಬೇಕಾದರೂ ಮಾತು ಕುದುರಿಸಬಹುದು. ಆಯ್ಕೆಯಾದವನಿಗೆ ಇಲ್ಲದ ಸ್ವಾತಂತ್ರ್ಯ ಇದು. ಇದನ್ನು ಸರಿಯಾಗಿ ಬಳಸಿಕೊಂಡವರು ಆಡಿದ್ದಾರೆ, ದುಡ್ಡಿನ ಅಂಕಿಯನ್ನಷ್ಟೇ ನೋಡಿ ಸಹಿ ಹಾಕಿದವರಲ್ಲಿ ಎಷ್ಟೋ ಜನ ಬೆಂಚಿನ ತುದಿಯಲ್ಲೇ ಉಳಿದಿದ್ದಾರೆ. ಹಾಗಾಗಿ ಈ ಬರಹದಲ್ಲಿ ಪ್ರತಿ ದಾರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಜಾಗದಲ್ಲಿ ನಿಮಗಿಂತ ಮುಂದೆ ಎಷ್ಟು ಜನ ನಿಂತಿದ್ದಾರೆ?

ಕೊನೆಯಲ್ಲಿ ಆಯ್ಕೆಯಾಗುವುದಾ, ಆಗದೇ ಇರುವುದಾ?

ಇದು ಡ್ರಾಫ್ಟ್ ರಾತ್ರಿಯೇ ಎದುರಾಗುವ ಪ್ರಶ್ನೆ. ಮೊದಲ ಸುತ್ತಿನ 30 ಜನರ ಕತೆ ಬೇರೆ. ಅವರಿಗೆ ಸಂಬಳದ ಪಟ್ಟಿ ಮೊದಲೇ ಗೊತ್ತಾಗಿರುತ್ತದೆ, ಎರಡು ವರ್ಷ ಖಾತ್ರಿ. 30ನೆಯವನಿಗೂ ಮೊದಲ ವರ್ಷ 20 ಲಕ್ಷ ಡಾಲರ್‌ಗಿಂತ ಜಾಸ್ತಿ. ಎರಡನೇ ಸುತ್ತಿನವರಿಗೆ ಅಂಥ ಖಾತ್ರಿ ಇಲ್ಲ. ಆದರೆ ಕರೆದ ತಂಡಕ್ಕೆ ಅವರ ಮೇಲೆ ಹಕ್ಕು ಇರುತ್ತದೆ. ಆ ತಂಡ ತನಗೆ ಬೇಡವೆಂದು ಆಟಗಾರ ಹೇಳಿದರೂ ಎನ್‌ಬಿಎಯ ಇನ್ನೊಂದು ಬಾಗಿಲು ತಟ್ಟುವಂತಿಲ್ಲ.

ಅದಕ್ಕೇ 45ನೇ ನಂಬರಿನ ಆಚೆ ಕರೆಸಿಕೊಳ್ಳುವುದಕ್ಕಿಂತ ಕರೆಸಿಕೊಳ್ಳದೇ ಇರುವುದೇ ಲೇಸು ಎನ್ನುವವರ ಪಕ್ಷ ನಾನು. ಟಿವಿಯಲ್ಲಿ ಹೆಸರು ಬರಲಿ ಎಂದು ಮನೆಯವರಿಗೆ ಆಸೆ ಇರುತ್ತದೆ, ಅದು ಬೇರೆ ಮಾತು.

2016ರಲ್ಲಿ ವಿಚಿಟಾ ಸ್ಟೇಟ್‌ನ ಫ್ರೆಡ್ ವ್ಯಾನ್‌ವ್ಲೀಟ್‌ಗೆ ಎರಡನೇ ಸುತ್ತಿನಲ್ಲಿ ಫೋನ್ ಬಂದಿತ್ತು. 'ಕರೆಯುತ್ತೇವೆ, ಆದರೆ ಒಂದು ವರ್ಷ ಕೆಳಗಿನ ಲೀಗ್‌ನಲ್ಲಿ ಚಿಲ್ಲರೆ ಸಂಬಳಕ್ಕೆ ಆಡಬೇಕು' ಎಂಬ ಷರತ್ತು. ಆತ ಬೇಡ ಎಂದ. ಟೊರಾಂಟೊ ರ‍್ಯಾಪ್ಟರ್ಸ್‌ನ ಸಮ್ಮರ್ ಲೀಗ್ (ಹೊಸಬರನ್ನು ಪರೀಕ್ಷಿಸುವ ಬೇಸಿಗೆ ಪಂದ್ಯಾವಳಿ) ತಂಡ ಸೇರಿ, ಕ್ಯಾಂಪ್‌ನಲ್ಲಿ ಕೊನೆಯ ಜಾಗಕ್ಕೆ ಹೊಡೆದಾಡಿ ಉಳಿದುಕೊಂಡ. 2019ರಲ್ಲಿ ಟೊರಾಂಟೊ ಚಾಂಪಿಯನ್ ಆದ ಫೈನಲ್‌ನ ಆರನೇ ಪಂದ್ಯದಲ್ಲಿ ಆತ ಹೊಡೆದದ್ದು 22 ಪಾಯಿಂಟ್. 2022ರಲ್ಲಿ ಆಲ್‌ಸ್ಟಾರ್.

ಆಸ್ಟಿನ್ ರೀವ್ಸ್‌ನದು ಇನ್ನೂ ಲೆಕ್ಕಾಚಾರದ ಆಟ. 2021ರಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ 42ನೇ ಸರದಿಯಲ್ಲಿ ಅವನನ್ನು ತೆಗೆದುಕೊಳ್ಳಲು ಸಿದ್ಧವಿತ್ತು. ಅವನ ಕಡೆಯವರೇ ಬೇಡ ಎಂದರು. ಕಾರಣ ಸರಳ. ಲೇಕರ್ಸ್‌ನಲ್ಲಿ ತಾರೆ ಲೆಬ್ರಾನ್ ಜೇಮ್ಸ್ ಸುತ್ತ ಕಡಿಮೆ ಸಂಬಳದ ಗಾರ್ಡ್‌ಗಳಿಗೆ (ಚೆಂಡು ಸಾಗಿಸಿ ಆಟ ಕಟ್ಟುವವರಿಗೆ) ಜಾಗ ಖಾಲಿ ಇತ್ತು. ಆಗಸ್ಟ್‌ನಲ್ಲಿ ಟೂ-ವೇ ಒಪ್ಪಂದ (ಎನ್‌ಬಿಎ ತಂಡ ಮತ್ತು ಜಿ ಲೀಗ್ ಎಂಬ ಕೆಳಗಿನ ಲೀಗ್‌ನ ಅದರ ತಂಡ, ಎರಡರಲ್ಲೂ ಆಡುವ ಕರಾರು), ಸೆಪ್ಟೆಂಬರ್‌ಗೇ ಪೂರ್ಣ ಒಪ್ಪಂದ. ಎರಡು ವರ್ಷದ ನಂತರ 4 ವರ್ಷಕ್ಕೆ ಸುಮಾರು 5.4 ಕೋಟಿ ಡಾಲರ್.

ಟೂ-ವೇ: ಒಂದು ಕಾಲು ಒಳಗೆ

ಮೊದಲು ಅಂಕಿ ನೋಡೋಣ. ಟೂ-ವೇ ಒಪ್ಪಂದ ಶುರುವಾದದ್ದು 2017-18ರ ಸೀಸನ್‌ನಲ್ಲಿ. ಆಗ ತಂಡಕ್ಕೆ ಇಬ್ಬರು, 2023-24ರಿಂದ ಮೂವರು. ಸಂಬಳ ಹೊಸ ಆಟಗಾರನ ಕನಿಷ್ಠ ಸಂಬಳದ ಅರ್ಧ. 2024-25ರಲ್ಲಿ ಅದು 5,78,577 ಡಾಲರ್ ಇತ್ತು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಐದು ಕೋಟಿಗೆ ಸ್ವಲ್ಪ ಕಮ್ಮಿ. ಕಾಲೇಜು ಮುಗಿಸಿದ ಹುಡುಗನಿಗೆ ಕೆಟ್ಟ ಮೊತ್ತವೇನಲ್ಲ, ಅಲ್ವಾ?

ಕೆಲಸ ಏನೆಂದರೆ ಎನ್‌ಬಿಎ ತಂಡ ಮತ್ತು ಅದರ ಜಿ ಲೀಗ್ ತಂಡದ ನಡುವೆ ಓಡಾಡುವುದು. 82 ಪಂದ್ಯಗಳ ಸೀಸನ್‌ನಲ್ಲಿ ಹೆಚ್ಚೆಂದರೆ 50ರಲ್ಲಿ ಮೇಲಿನ ತಂಡದ ಜರ್ಸಿ ಹಾಕಬಹುದು. ಪ್ಲೇಆಫ್‌ಗೆ ಅವಕಾಶವಿಲ್ಲ. ಆಡಲೇಬೇಕೆಂದರೆ ತಂಡ ಒಪ್ಪಂದವನ್ನು ಪೂರ್ಣ ಒಪ್ಪಂದವಾಗಿ ಬದಲಿಸಬೇಕು.

ಇಲ್ಲಿ ಜನ ಗಮನಿಸದ ಒಂದು ವಿಷಯವಿದೆ. ಎರಡು ತಂಡಗಳ ನಡುವಿನ ದೂರ. ಲೇಕರ್ಸ್ ಮತ್ತು ಅದರ ಸೌತ್ ಬೇ ಲೇಕರ್ಸ್ ಎರಡೂ ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೊದ ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿವೆ. ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ. ಮುಖ್ಯ ಕೋಚ್ ಕಾರಿಡಾರಿನಲ್ಲಿ ನಡೆಯುವಾಗಲೂ ನಿಮ್ಮ ಮುಖ ನೋಡುತ್ತಾನೆ. ರ‍್ಯಾಪ್ಟರ್ಸ್ 905 ಟೊರಾಂಟೊ ಪಕ್ಕದ ಮಿಸ್ಸಿಸಾಗದಲ್ಲಿದೆ. ಮಯಾಮಿ ಹೀಟ್‌ನ ಜಿ ಲೀಗ್ ತಂಡ ಮಾತ್ರ ಸೌತ್ ಡಕೋಟದ ಸೂ ಫಾಲ್ಸ್‌ನಲ್ಲಿ. ಸಮುದ್ರ ತೀರದ ಬಿಸಿಲಿಂದ ಹಿಮದ ಊರಿಗೆ ವಿಮಾನ ಹತ್ತಬೇಕು, ಅದೂ ಎನ್‌ಬಿಎ ತಂಡದ ಖಾಸಗಿ ವಿಮಾನವಲ್ಲ, ಮಾಮೂಲಿ ಟಿಕೆಟ್. ಆದರೂ ಹೀಟ್ ಅನ್ನು ನಾನು ಪಟ್ಟಿಯಲ್ಲಿ ಮೇಲೆ ಇಡುತ್ತೇನೆ. ಯಾಕೆಂದರೆ ಅಲ್ಲಿ ಅನ್‌ಡ್ರಾಫ್ಟೆಡ್ ಹುಡುಗರಿಗೆ ನಿಜವಾಗಿ ಆಡಲು ಬಿಡುತ್ತಾರೆ. 2023ರಲ್ಲಿ ಫೈನಲ್ ತಲುಪಿದ ಆ ತಂಡದ ಮ್ಯಾಕ್ಸ್ ಸ್ಟ್ರಸ್, ಗೇಬ್ ವಿನ್ಸೆಂಟ್, ಕೇಲಬ್ ಮಾರ್ಟಿನ್, ಡಂಕನ್ ರಾಬಿನ್ಸನ್ ಯಾರೂ ಡ್ರಾಫ್ಟ್ ಆದವರಲ್ಲ. ರಾಬಿನ್ಸನ್ ಅಂತೂ ವಿಲಿಯಮ್ಸ್ ಎಂಬ ಡಿವಿಷನ್ 3 ಕಾಲೇಜಿನಲ್ಲಿ ಶುರು ಮಾಡಿದವನು. 2018ರಲ್ಲಿ ಟೂ-ವೇ, 2021ರಲ್ಲಿ 5 ವರ್ಷಕ್ಕೆ 9 ಕೋಟಿ ಡಾಲರ್.

ಟೂ-ವೇಯ ನಿಜವಾದ ಜಾಣತನ ಬೇಕಾಗುವುದು ಅದು ಪೂರ್ಣ ಒಪ್ಪಂದವಾಗಿ ಬದಲಾಗುವಾಗ. ತಂಡ ಹೇಳುತ್ತದೆ: 'ಬಾ, ಖಾಯಂ ಮಾಡುತ್ತೇವೆ, 4 ವರ್ಷಕ್ಕೆ ಸಹಿ ಹಾಕು.' ಸಂಬಳ ಕನಿಷ್ಠದ ಆಸುಪಾಸು. ಖುಷಿಯಲ್ಲಿ ಸಹಿ ಬೀಳುತ್ತದೆ. ನಾಜ್ ರೀಡ್ 2019ರಲ್ಲಿ ಮಿನೆಸೋಟದಲ್ಲಿ ಇಂಥದ್ದೇ ನಾಲ್ಕು ವರ್ಷದ ಒಪ್ಪಂದ ಮಾಡಿಕೊಂಡ. ಮೊದಲ ದೊಡ್ಡ ದುಡ್ಡು, 3 ವರ್ಷಕ್ಕೆ 4.2 ಕೋಟಿ ಡಾಲರ್, ಬಂದದ್ದು 2023ರಲ್ಲಿ. ಅದೇ ಬೇಸಿಗೆಯಲ್ಲಿ ರೀವ್ಸ್‌ಗೂ ದೊಡ್ಡ ದುಡ್ಡು ಬಂತು, ಆದರೆ ಆತ ಎನ್‌ಬಿಎಗೆ ಬಂದು ಆಗಿದ್ದದ್ದು ಎರಡೇ ವರ್ಷ. ರೀಡ್ ತಪ್ಪು ಮಾಡಿದ ಎನ್ನಲಾರೆ. 2019ರಲ್ಲಿ ಅವನಿಗೆ 19 ವರ್ಷ, ಕಲಿಯಲು ಸಮಯ ಬೇಕಿತ್ತು, ನಾಲ್ಕು ವರ್ಷದ ನೆಲೆ ಸಿಕ್ಕಿತು. 2024ರಲ್ಲಿ ಬೆಂಚಿನಿಂದ ಎದ್ದು ಬಂದು ಆಡುವವರಲ್ಲಿ ಶ್ರೇಷ್ಠನಿಗೆ ಕೊಡುವ ಸಿಕ್ಸ್ತ್ ಮ್ಯಾನ್ ಪ್ರಶಸ್ತಿಯೂ ಬಂತು. ರೀವ್ಸ್‌ಗೆ ಆಗಲೇ 23, ಆಟ ಪಳಗಿತ್ತು. ಅವನಿಗೆ ಚಿಕ್ಕ ಒಪ್ಪಂದವೇ ಸರಿ. ವಯಸ್ಸು ಸಣ್ಣದಿದ್ದರೆ ಉದ್ದದ್ದು, ಆಟ ಮಾಗಿದ್ದರೆ ಚಿಕ್ಕದ್ದು ಎಂಬುದು ನನ್ನ ಅಂದಾಜು.

ಎಕ್ಸಿಬಿಟ್ 10 ಮತ್ತು ಜಿ ಲೀಗ್

ಟೂ-ವೇ ಸಿಗದವನಿಗೆ ಏಜೆಂಟ್ ತರುವುದು ಸಾಮಾನ್ಯವಾಗಿ ಎಕ್ಸಿಬಿಟ್ 10. ಕೇಳಲು ಏನೋ ದೊಡ್ಡ ದಾಖಲೆ ಅನ್ನಿಸುತ್ತದೆ. ಇದು ಟ್ರೇನಿಂಗ್ ಕ್ಯಾಂಪ್‌ಗೆ ಬರುವ ಚೀಟಿ, ಅಷ್ಟೆ. ಕ್ಯಾಂಪ್ ಹೊತ್ತಿಗೆ ತಂಡ 21 ಜನರನ್ನು ಇಟ್ಟುಕೊಳ್ಳಬಹುದು. ಸೀಸನ್ ಶುರುವಾಗುವಾಗ ಉಳಿಯುವುದು 15 ಮತ್ತು ಮೂರು ಟೂ-ವೇ. ಉಳಿದವರಿಗೆ ಕೈ ಕುಲುಕಿ ಕಳಿಸುತ್ತಾರೆ. ಹಾಗೆ ಕಳಿಸಿಕೊಂಡವನು ಅದೇ ತಂಡದ ಜಿ ಲೀಗ್ ತಂಡದಲ್ಲಿ 60 ದಿನ ಉಳಿದರೆ ಬೋನಸ್ ಸಿಗುತ್ತದೆ. 2023-24ರಲ್ಲಿ ಅದರ ಗರಿಷ್ಠ ಮಿತಿ 75,000 ಡಾಲರ್.

ಈ ಬೋನಸ್ ಮುಖ್ಯ. ಯಾಕೆಂದರೆ ಜಿ ಲೀಗ್‌ನ ಮಾಮೂಲಿ ಸಂಬಳ 2024-25ರಲ್ಲಿ ಪೂರ್ತಿ ಸೀಸನ್‌ಗೆ 43,000 ಡಾಲರ್. ಇರಲು ಮನೆ, ಆರೋಗ್ಯ ವಿಮೆ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ 36 ಲಕ್ಷ ಎಂದು ಕಣ್ಣರಳಿಸಬೇಡಿ. ತೆರಿಗೆ, ಏಜೆಂಟ್, ಬೇಸಿಗೆಯ ತರಬೇತಿ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ.

ಹಾಗಿದ್ದರೆ ಯಾರು ಹೋಗಬೇಕು? ಜಿ ಲೀಗ್‌ನ ಒಂದು ಗುಣ ಟೂ-ವೇಗೆ ಇಲ್ಲ. ಟೂ-ವೇ ಹುಡುಗ ಒಂದೇ ತಂಡಕ್ಕೆ ಕಟ್ಟಿಬಿದ್ದವನು. ಜಿ ಲೀಗ್‌ನ ಮಾಮೂಲಿ ಆಟಗಾರನನ್ನು 30ರಲ್ಲಿ ಯಾವ ತಂಡ ಬೇಕಾದರೂ ಮೇಲೆ ಕರೆಯಬಹುದು. ಡಿಸೆಂಬರ್‌ನಲ್ಲಿ ಎಲ್ಲ ತಂಡಗಳನ್ನೂ ಒಂದೇ ಕಡೆ ಸೇರಿಸಿ ಶೋಕೇಸ್ ಎಂದು ಮಾಡುತ್ತಾರೆ. ಎನ್‌ಬಿಎ ತಂಡಗಳ ಜನ ಅಲ್ಲಿ ಸಾಲಾಗಿ ಕೂತಿರುತ್ತಾರೆ. ಒಂದು ತಂಡ ಮಾತ್ರ ನೋಡಬೇಕಾ, ಮೂವತ್ತೂ ನೋಡಬೇಕಾ ಎಂಬುದೇ ಇಲ್ಲಿನ ಆಯ್ಕೆ.

ಇಲ್ಲಿ ಹುಡುಗರು ಎಡವುವ ಜಾಗವನ್ನು ಅಲೆಕ್ಸ್ ಕರುಸೊ ಚೆನ್ನಾಗಿ ಹೇಳಿದ್ದಾನೆ. ಹಣಕಾಸು ಮುಖ್ಯಸ್ಥನ ಹುದ್ದೆಗೆ ಸಂದರ್ಶನ ಎಂದುಕೊಂಡು ಇವರು ಹೋಗಿರುತ್ತಾರೆ, ಅಲ್ಲಿ ಬೇಕಾಗಿರುವುದು ಬಾತ್‌ರೂಮ್ ತೊಳೆಯುವವನು ಎಂಬ ಅರ್ಥದ ಮಾತು ಅದು. ಜಿ ಲೀಗ್‌ನಲ್ಲಿ 25 ಪಾಯಿಂಟ್ ಹೊಡೆಯುವವರು ಬೇಕಾದಷ್ಟು. ಎನ್‌ಬಿಎ ತಂಡಕ್ಕೆ 25 ಪಾಯಿಂಟ್ ಹೊಡೆಯುವವನು ಆಗಲೇ ಇದ್ದಾನೆ, 4 ಕೋಟಿ ಡಾಲರ್ ತೆಗೆದುಕೊಳ್ಳುತ್ತಿದ್ದಾನೆ. ಬೇಕಿರುವುದು ಎದುರಾಳಿಯ ಗಾರ್ಡ್ ಹಿಂದೆ ಬಿಡದೆ ಓಡುವವನು, ಮೂಲೆಯಲ್ಲಿ ಸುಮ್ನೆ ನಿಂತು ಬಂದ ಚೆಂಡನ್ನು ದೂರದಿಂದಲೇ ಬುಟ್ಟಿಗೆ ಎಸೆದು ಮೂರು ಪಾಯಿಂಟ್ ತರುವವನು.

ಕರುಸೊ 2016ರಲ್ಲಿ ಡ್ರಾಫ್ಟ್ ಆಗಲಿಲ್ಲ. ಒಂದು ವರ್ಷ ಓಕ್ಲಹೋಮ ಸಿಟಿ ಬ್ಲೂ ಎಂಬ ಕೆಳಗಿನ ತಂಡದಲ್ಲಿ ಆಡಿದ. 2017ರ ಲಾಸ್ ವೇಗಸ್ ಸಮ್ಮರ್ ಲೀಗ್‌ನಲ್ಲಿ ಲೇಕರ್ಸ್ ಪರ ಆಡುವಾಗ ಲಾನ್ಜೊ ಬಾಲ್ ಗಾಯಗೊಂಡ, ಚೆಂಡು ಕರುಸೊ ಕೈಗೆ ಬಂತು. ಕೂಡಲೇ ಟೂ-ವೇ ಒಪ್ಪಂದ. 2020ರಲ್ಲಿ ಲೇಕರ್ಸ್ ಜತೆ ಚಾಂಪಿಯನ್, 2025ರಲ್ಲಿ ಓಕ್ಲಹೋಮ ಸಿಟಿ ಥಂಡರ್ ಜತೆ ಮತ್ತೊಮ್ಮೆ. ಅದೇ ಥಂಡರ್ ತಂಡದ ಲೂ ಡಾರ್ಟ್ ಕೂಡ 2019ರಲ್ಲಿ ಡ್ರಾಫ್ಟ್ ಆಗದೆ ಟೂ-ವೇಯಲ್ಲಿ ಬಂದವನು. ಇಬ್ಬರೂ ಹೆಸರು ಮಾಡಿದ್ದು ಡಿಫೆನ್ಸ್‌ನಿಂದ. ನಾಲ್ಕು ಬಾರಿ ವರ್ಷದ ಶ್ರೇಷ್ಠ ಡಿಫೆಂಡರ್ ಆದ ಬೆನ್ ವ್ಯಾಲೇಸ್ 1996ರಲ್ಲಿ ಅನ್‌ಡ್ರಾಫ್ಟೆಡ್, 2021ರಲ್ಲಿ ಹಾಲ್ ಆಫ್ ಫೇಮ್. ಇದು ಕಾಕತಾಳೀಯ ಅಲ್ಲ.

ಖಾಲಿ ಜಾಗದ ಮಾತಿಗೆ ಬಂದರೆ ನನಗೆ ಇಷ್ಟವಾದ ಉದಾಹರಣೆ ಟಿ.ಜೆ. ಮಕಾನಲ್. 2015ರಲ್ಲಿ ಆತ ಹೋದದ್ದು ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ಗೆ. ಆ ವರ್ಷ ಆ ತಂಡ ಗೆದ್ದದ್ದು 10 ಪಂದ್ಯ, ಸೋತದ್ದು 72. ಲೀಗ್‌ನ ಅತಿ ಕೆಟ್ಟ ತಂಡ. ನೆಚ್ಚಿಕೊಳ್ಳುವಂಥ ಪಾಯಿಂಟ್ ಗಾರ್ಡ್ ಅಲ್ಲಿರಲಿಲ್ಲ. ಇವನಿಗೆ ದಿನಾ ಆಟ ಸಿಕ್ಕಿತು. ಹತ್ತು ವರ್ಷ ಕಳೆದು, 2025ರ ಫೈನಲ್‌ನಲ್ಲಿ ಇಂಡಿಯಾನ ಪೇಸರ್ಸ್ ಬೆಂಚಿನಿಂದ ಎದ್ದು ಬಂದು ಎದುರಾಳಿಗಳ ತಲೆ ಕೆಡಿಸಿದ. ಚಾಂಪಿಯನ್ ತಂಡದ ಎಕ್ಸಿಬಿಟ್ 10ಗಿಂತ ಸೋಲುವ ತಂಡದ ಎಕ್ಸಿಬಿಟ್ 10 ಮೇಲು.

ನಮ್ಮವರಿಬ್ಬರ ಕತೆ

ಭಾರತದ ಓದುಗರಿಗೆ ಈ ಹೋಲಿಕೆ ಇನ್ನೂ ಹತ್ತಿರ. 2015ರ ಡ್ರಾಫ್ಟ್‌ನಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ಮ್ಯಾವರಿಕ್ಸ್ 52ನೇ ಸರದಿಯಲ್ಲಿ ಕರೆಯಿತು. ಡ್ರಾಫ್ಟ್ ಆದ ಮೊದಲ ಭಾರತೀಯ ಎಂದು ಇಲ್ಲಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ಡಲ್ಲಾಸ್‌ನ ಕೆಳಗಿನ ತಂಡ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಆಡಿದರು, ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಈಗ ಅವರು ವೃತ್ತಿಪರ ಕುಸ್ತಿಯ ರಿಂಗ್‌ನಲ್ಲಿದ್ದಾರೆ.

ಅದಕ್ಕೂ ಒಂದು ವರ್ಷ ಮೊದಲು, ಕೆನಡಾದಲ್ಲಿ ಬೆಳೆದ ಪಂಜಾಬಿ ಮನೆತನದ ಸಿಮ್ ಭುಲ್ಲರ್ ಡ್ರಾಫ್ಟ್ ಆಗಿರಲಿಲ್ಲ. ಏಳು ಅಡಿ ಐದು ಇಂಚಿನ ಆಳು. ಸ್ಯಾಕ್ರಮೆಂಟೊ ಕಿಂಗ್ಸ್‌ನ ಕೆಳಗಿನ ತಂಡ ರೀನೊ ಬಿಗ್‌ಹಾರ್ನ್ಸ್‌ನಲ್ಲಿ ಬೆವರು ಹರಿಸಿ, 2015ರ ಏಪ್ರಿಲ್‌ನಲ್ಲಿ 10 ದಿನದ ಒಪ್ಪಂದ ಪಡೆದರು. ಮೂರು ಪಂದ್ಯ, ಕೆಲವೇ ನಿಮಿಷ. ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವರು ಎಂಬ ಹೆಸರು ಮಾತ್ರ ಅವರದೇ. ಆಮೇಲೆ ತೈವಾನ್‌ನಲ್ಲಿ ವರ್ಷಗಟ್ಟಲೆ ಆಡಿದರು. ಅಲ್ಲಿ ಆ ಎತ್ತರಕ್ಕೆ ತಕ್ಕ ಜಾಗ ಖಾಲಿ ಇತ್ತು.

ವಿದೇಶ: ವನವಾಸವಲ್ಲ, ಉದ್ಯೋಗ

ಅಮೆರಿಕದ ಹುಡುಗರಲ್ಲಿ ಯುರೋಪ್ ಎಂದರೆ ಸೋತವರು ಹೋಗುವ ಜಾಗ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಲೆಕ್ಕ ಬೇರೆಯೇ ಹೇಳುತ್ತದೆ. ಯುರೋಪಿನ ಒಪ್ಪಂದಗಳಲ್ಲಿ ಸಂಬಳ ಸಾಮಾನ್ಯವಾಗಿ ತೆರಿಗೆ ಕಳೆದು ಕೈಗೆ ಬರುವ ಮೊತ್ತ. ತೆರಿಗೆ ಕ್ಲಬ್ಬಿನದು. ಜತೆಗೆ ಅಪಾರ್ಟ್‌ಮೆಂಟ್, ಕಾರು. ಒಂದು ಮಧ್ಯಮ ಮಟ್ಟದ ಲೀಗ್‌ನ ಸಂಬಳವೂ ಜಿ ಲೀಗ್‌ಗಿಂತ ಸುಲಭವಾಗಿ ಮೇಲಾಗುತ್ತದೆ.

ಆದರೆ ಕೆಲಸದ ಸ್ವರೂಪ ತಲೆಕೆಳಗು. ಜಿ ಲೀಗ್‌ನಲ್ಲಿ ಸಣ್ಣ ಪಾತ್ರ ಕಲಿಯಬೇಕು ಎಂದೆನಲ್ಲ, ಇಲ್ಲಿ ವಿದೇಶಿ ಆಟಗಾರನನ್ನು ಕರೆಸುವುದೇ ಪಂದ್ಯ ಗೆಲ್ಲಿಸಲು. ಆಸ್ಟ್ರೇಲಿಯಾದ ಎನ್‌ಬಿಎಲ್‌ನಂಥ ಲೀಗ್‌ನಲ್ಲಿ ತಂಡಕ್ಕೆ ಮೂವರೇ ವಿದೇಶಿಯರು. ನಾಲ್ಕು ಪಂದ್ಯ ಕೆಟ್ಟದಾಗಿ ಆಡಿದರೆ ಐದನೆಯದಕ್ಕೆ ಇನ್ನೊಬ್ಬ ಬಂದಿಳಿದಿರುತ್ತಾನೆ. ದೊಡ್ಡ ಕ್ಲಬ್ಬುಗಳು ಕಾಲೇಜಿನಿಂದ ಹೊರಬಿದ್ದವನನ್ನು ನೇರವಾಗಿ ತೆಗೆದುಕೊಳ್ಳುವುದು ಅಪರೂಪ. ಕೆಳಗಿನಿಂದ ಹತ್ತಬೇಕು.

ಹತ್ತಿದವರಲ್ಲಿ ಮೈಕ್ ಜೇಮ್ಸ್ ಮೊದಲ ಹೆಸರು. 2012ರಲ್ಲಿ ಡ್ರಾಫ್ಟ್ ಆಗಲಿಲ್ಲ. ಕ್ರೊಯೇಷಿಯಾ, ಇಟಲಿಯ ಕೆಳದರ್ಜೆಯ ಲೀಗ್, ಗ್ರೀಸಿನ ರೋಡ್ಸ್ ದ್ವೀಪದ ತಂಡ, ಸ್ಪೇನಿನ ಬಾಸ್ಕೋನಿಯಾ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದ. 2017ರಲ್ಲಿ ಫೀನಿಕ್ಸ್ ಸನ್ಸ್‌ನ ಟೂ-ವೇಯಲ್ಲಿ ಎನ್‌ಬಿಎಗೂ ಹೋಗಿ ನೋಡಿದ, ನೆಲೆ ನಿಲ್ಲಲಿಲ್ಲ, ವಾಪಸ್ ಬಂದ. 2024ರಲ್ಲಿ ಮೊನಾಕೊ ಪರ ಆಡುತ್ತ ಯುರೋಪಿನ ದೊಡ್ಡ ಕ್ಲಬ್ಬುಗಳ ಲೀಗ್ ಆದ ಯುರೋಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದವನಾದ, ಆ ಸೀಸನ್‌ನ ಎಂವಿಪಿಯೂ (ಅತ್ಯುತ್ತಮ ಆಟಗಾರ) ಅವನೇ. ಎನ್‌ಬಿಎ ಬೆಂಚಿನಲ್ಲಿ 14ನೆಯವನಾಗಿ ಹತ್ತು ವರ್ಷ ಕೂತಿದ್ದರೆ ಇದು ಸಿಗುತ್ತಿತ್ತಾ?

ಹೋಗಿ ವಾಪಸ್ ಬಂದವರೂ ಇದ್ದಾರೆ. ಯುಡೊನಿಸ್ ಹ್ಯಾಸ್ಲಮ್ 2002ರಲ್ಲಿ ಡ್ರಾಫ್ಟ್ ಆಗದೆ ಫ್ರಾನ್ಸಿನ ಶಲೋನ್‌ಗೆ ಹೋದ. ಒಂದು ವರ್ಷ ಅಲ್ಲಿ ಮೈ ಇಳಿಸಿ, ಹುಟ್ಟೂರು ಮಯಾಮಿಗೆ ಬಂದು 20 ಸೀಸನ್ ಒಂದೇ ತಂಡದಲ್ಲಿ ಇದ್ದು ಮೂರು ಚಾಂಪಿಯನ್‌ಶಿಪ್ ಗೆದ್ದ. ಆಸ್ಟ್ರೇಲಿಯಾದ ಜೋ ಇಂಗಲ್ಸ್ ಇನ್ನೂ ನಿಧಾನ. 2009ರಲ್ಲಿ ಅನ್‌ಡ್ರಾಫ್ಟೆಡ್, ಬಾರ್ಸಿಲೋನಾ, ಮಕಾಬಿ ಟೆಲ್ ಅವೀವ್ ಎಲ್ಲ ಮುಗಿಸಿ 27ನೇ ವಯಸ್ಸಿಗೆ ಎನ್‌ಬಿಎಗೆ ಕಾಲಿಟ್ಟ. ಕ್ಲಿಪ್ಪರ್ಸ್ ಕ್ಯಾಂಪ್‌ನಿಂದ ಕೈಬಿಟ್ಟಿತು, ಯೂಟಾ ಜಾಸ್ ಎತ್ತಿಕೊಂಡಿತು, ವರ್ಷಗಟ್ಟಲೆ ಅಲ್ಲೇ ಉಳಿದ.

ವಿದೇಶಕ್ಕೆ ಸಹಿ ಹಾಕುವ ಮುನ್ನ ಎರಡು ಸಾಲು ಹುಡುಕಿ. ಒಂದು, ಎನ್‌ಬಿಎ ಕರೆದರೆ ಯಾವ ತಾರೀಖಿನವರೆಗೆ ದಂಡವಿಲ್ಲದೆ ಬಿಡುತ್ತಾರೆ, ಆಮೇಲೆ ಬಿಡುಗಡೆಗೆ ಎಷ್ಟು ಕಟ್ಟಬೇಕು. ಎರಡು, ಸಂಬಳ ತಡವಾದರೆ ದೂರು ಎಲ್ಲಿಗೆ. 2007ರಲ್ಲಿ ಶುರುವಾದ ಬ್ಯಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ಮಂಡಳಿ ಇಂಥ ಜಗಳಗಳನ್ನೇ ನೋಡುತ್ತದೆ, ಆದರೆ ಅದರ ಹೆಸರು ಒಪ್ಪಂದದಲ್ಲಿ ಬರೆದಿರಬೇಕು. ಸಣ್ಣ ಕ್ಲಬ್ಬುಗಳಲ್ಲಿ ಸಂಬಳ ನಿಲ್ಲುವುದು ಹೊಸದೇನಲ್ಲ.

ಹಾಗಾದರೆ ಯಾರು ಎಲ್ಲಿಗೆ?

ಕಾಲೇಜಿಗೆ ವಾಪಸ್ ಹೋಗುವ ಮಾತು ಡ್ರಾಫ್ಟ್‌ಗೆ ಮೊದಲೇ ಮುಗಿದಿರಬೇಕು, ಹೆಸರು ಹಿಂದೆ ತೆಗೆಯಲು ಗಡುವಿದೆ. ಈಗ ಕಾಲೇಜಿನಲ್ಲೇ ಆಟಗಾರರಿಗೆ ದುಡ್ಡು ಬರುತ್ತದೆ, 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಹಾಗಾಗಿ ಇನ್ನೊಂದು ವರ್ಷ ಉಳಿದಿರುವವನು 43,000 ಡಾಲರ್‌ಗೆ ಜಿ ಲೀಗ್ ಸೇರುವುದು ನನಗೆ ಅರ್ಥವಾಗದ ಮಾತು.

19-20ರ ಎತ್ತರದ ಹುಡುಗ, ಆಟ ಇನ್ನೂ ಹಸಿ: ಟೂ-ವೇ ಸಿಕ್ಕರೆ ಕಣ್ಣು ಮುಚ್ಚಿ ಹೋಗಲಿ, ಅಭ್ಯಾಸದ ಸೌಲಭ್ಯ, ಕೋಚ್‌ಗಳು, ಊಟ ಎಲ್ಲ ಎನ್‌ಬಿಎಯದು. 22-23ರ ಗಾರ್ಡ್, ಡಿಫೆನ್ಸ್ ಬಲ್ಲವನು: ಗಾರ್ಡ್‌ಗಳಿಲ್ಲದ ತಂಡ ಹುಡುಕಿ ಎಕ್ಸಿಬಿಟ್ 10 ಆದರೂ ಸರಿ, ಒಂದೆರಡು ವರ್ಷ ಜಿ ಲೀಗ್. ಎರಡು ವರ್ಷ ದಾಟಿದರೆ ಸಾಕು ಮಾಡಲಿ. 23 ದಾಟಿದವನು, ಚೆಂಡು ಕೈಯಲ್ಲಿದ್ದರೆ ಮಾತ್ರ ಆಟ ಬರುವವನು: ನೇರ ಯುರೋಪ್. ಅವನ ಆಟಕ್ಕೆ ಎನ್‌ಬಿಎ ಬೆಂಚಿನಲ್ಲಿ ಬೆಲೆಯಿಲ್ಲ. ಮನೆಯಲ್ಲಿ ಸಾಲ ಇದೆ, ದುಡಿಯಲೇಬೇಕು ಎಂದರೂ ಯುರೋಪ್, ಇಲ್ಲವೇ ಜಪಾನ್, ತೈವಾನ್. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನು ತಾರೀಖುಗಳು. ಜುಲೈನಲ್ಲಿ ಲಾಸ್ ವೇಗಸ್ ಸಮ್ಮರ್ ಲೀಗ್. ಯುರೋಪಿನ ಒಳ್ಳೆಯ ಜಾಗಗಳು ಭರ್ತಿಯಾಗುವುದೂ ಜುಲೈ, ಆಗಸ್ಟ್‌ನಲ್ಲೇ. ಎರಡರಲ್ಲೂ ಕಾಲಿಡುತ್ತೇನೆ ಎನ್ನುವವನು ಆಗಸ್ಟ್ ಮೊದಲ ವಾರದೊಳಗೆ ಒಂದನ್ನು ಬಿಡಬೇಕಾಗುತ್ತದೆ. ಅಕ್ಟೋಬರ್‌ನಲ್ಲಿ ಕ್ಯಾಂಪ್‌ನಿಂದ ಹೊರಬಿದ್ದ ಮೇಲೆ ಯುರೋಪ್‌ಗೆ ಫೋನ್ ಮಾಡಿದರೆ ಸಿಗುವುದು ಯಾರೋ ಗಾಯಗೊಂಡು ಬಿಟ್ಟ ಜಾಗ, ಅದೂ ಎರಡು ತಿಂಗಳಿಗೆ. ಜನವರಿ 5ರಿಂದ ಎನ್‌ಬಿಎಯಲ್ಲಿ 10 ದಿನದ ಒಪ್ಪಂದಗಳು ಶುರು, ಒಂದೇ ತಂಡದ ಜತೆ ಒಂದು ಸೀಸನ್‌ಗೆ ಎರಡು ಮಾತ್ರ. ಮಾರ್ಚ್ 4ರ ನಂತರ ಹೊಸ ಟೂ-ವೇ ಇಲ್ಲ. ಅಲ್ಲಿಯವರೆಗೂ ಫೋನ್ ಬರಲಿಲ್ಲವೆಂದರೆ ಪೋರ್ಟೊ ರಿಕೊದ ಲೀಗ್ ನೋಡಿ. ಅದು ವಸಂತದಲ್ಲಿ ಶುರುವಾಗಿ ಬೇಸಿಗೆಯವರೆಗೂ ನಡೆಯುತ್ತದೆ, ಜಿ ಲೀಗ್ ಮುಗಿಸಿದ ಎಷ್ಟೋ ಜನ ಬ್ಯಾಗ್ ಬಿಚ್ಚದೆ ಸೀದಾ ಅಲ್ಲಿಗೆ ಹೋಗುತ್ತಾರೆ.